ನೀರು ಹಾರುತ್ತದೆ, ಉಪ್ಪು ಎಲ್ಲಿಗೆ ಹೋಗುತ್ತದೆ?

(ಕಾಳಿ ಕಣಿವೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಅಧ್ಯಯನ ಪ್ರವಾಸದ ಕೊನೆಯ ದಿನ, ವಿಜಯಪುರದ ಅಥಣಿ ರಸ್ತೆಯ ತೊರವಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ.)



ಇಂದು ಬೆಳಿಗ್ಗೆ ತಿಕೋಟಾದ ದ್ರಾಕ್ಷಿ ತೋಟದಲ್ಲಿ ರೈತರೊಬ್ಬರು ಹಳೆಯ ಡ್ರಿಪ್ ಪೈಪೊಂದನ್ನು ಸೀಳಿ ತೋರಿಸಿದ್ದನ್ನು ನೀವೆಲ್ಲ ನೋಡಿದಿರಿ. ಅದರ ಒಳಮೈಗೆ ಬಿಳಿಯ ಪದರವೊಂದು ಗಟ್ಟಿಯಾಗಿ ಅಂಟಿಕೊಂಡಿತ್ತು. ಹನಿ ಬೀಳಬೇಕಾದ ರಂಧ್ರಗಳು ಮುಚ್ಚಿಹೋಗಿದ್ದವು. ಹಂಗಾಮಿಗೊಮ್ಮೆ ಪೈಪಿನೊಳಗೆ ಆ್ಯಸಿಡ್ ಬಿಟ್ಟು ತೊಳೆಯದಿದ್ದರೆ ಬಳ್ಳಿಗೆ ನೀರೇ ಮುಟ್ಟುವುದಿಲ್ಲವೆಂದು ಅವರು ಹೇಳಿದರು. ಹಾಗೇಕೆಂದು ನಮ್ಮ ಹುಡುಗಿಯೊಬ್ಬಳು ಕೇಳಿದಾಗ ಅವರು ಕೊಟ್ಟ ಉತ್ತರ ಇಷ್ಟೇ: “ನೀರು ಹಾರಿ ಹೋಗ್ತೈತಿ ತಂಗಿ, ಸುಣ್ಣ ಕುಂತು ಬಿಡ್ತೈತಿ.” ನಾನು ಈ ಹೊತ್ತು ಹೇಳಬೇಕಾದದ್ದನ್ನೆಲ್ಲ ಅವರು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಆದರೂ ಪ್ರವಾಸ ಏರ್ಪಡಿಸಿದವರು ನನ್ನನ್ನು ಬಿಡುವಂತಿಲ್ಲವಾದ್ದರಿಂದ ಮಾತನಾಡುತ್ತೇನೆ.

ವಿಷಯ, ಕಾರ್ಖಾನೆಗಳ ಬಾಯ್ಲರಿಗೂ ತಂಪುಗೋಪುರಕ್ಕೂ ನೀರನ್ನು ಹದಗೊಳಿಸುವ ಬಗೆ. ತಂಪುಗೋಪುರವೆಂದರೆ ಕಾರ್ಖಾನೆಯವರು ಕೂಲಿಂಗ್ ಟವರ್ ಎಂದು ಕರೆಯುವುದು. ಅಡಿಕೆ ತೋಟದವರಿಗೆ ಇದರಿಂದ ಆಗಬೇಕಾದದ್ದೇನು ಎಂದು ನಿಮ್ಮಲ್ಲಿ ಕೆಲವರಾದರೂ ಯೋಚಿಸುತ್ತಿದ್ದೀರಿ. ನಿನ್ನೆ ಕೂಡಗಿಯ ದಾರಿಯಲ್ಲಿ ಸ್ಥಾವರದ ಗೋಪುರಗಳ ನೆತ್ತಿಯಿಂದೆದ್ದ ಬಿಳಿಯ ಮೋಡವನ್ನು ನೀವು ಹೊಗೆಯೆಂದು ಪರಸ್ಪರ ತೋರಿಸಿಕೊಂಡಿರಿ. ಅದು ಹೊಗೆಯಲ್ಲ, ಆಲಮಟ್ಟಿಯ ನೀರು. ಘಟ್ಟದಲ್ಲಿ ಸುರಿದು, ಕೃಷ್ಣೆಯಾಗಿ ಹರಿದು, ಅಣೆಕಟ್ಟಿನಲ್ಲಿ ನಿಂತ ಮಳೆ ಅಲ್ಲಿ ಮತ್ತೆ ಆಕಾಶಕ್ಕೆ ಹೋಗುತ್ತಿತ್ತು. ನಮ್ಮ ಕೈಗಾದಲ್ಲಿಯೂ ಇಂಥ ಗೋಪುರಗಳನ್ನು ಕಟ್ಟುವ ಯೋಜನೆಯಿದೆ. ಆ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನೀರಿನ ಗುಣವನ್ನು ತಿಳಿಯೋಣ. ನಮ್ಮೂರಿನ ಬಚ್ಚಲ ಹಂಡೆಯನ್ನು ನೆನಪಿಸಿಕೊಳ್ಳಿ. ಹೊರಗೆ ಮಸಿ ಎಷ್ಟೇ ಇರಲಿ, ಒಳಗೆ ವರ್ಷಗಟ್ಟಲೆ ಕಾಯಿಸಿದರೂ ಬಿಳಿಯ ಪೊರೆ ಕಟ್ಟುವುದು ಬಹಳ ಕಡಿಮೆ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ನಮ್ಮ ಜಂಬಿಟ್ಟಿಗೆ ನೆಲದ ಸುಣ್ಣವನ್ನು ಎಂದೋ ತೊಳೆದು ಸಮುದ್ರಕ್ಕೆ ಸಾಗಿಸಿದೆ. ನಮ್ಮ ಹಳ್ಳದ ಒಂದು ಲೀಟರ್ ನೀರಿನಲ್ಲಿ ಕರಗಿದ ಲವಣಗಳು ನೂರು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ಇಲ್ಲಿಯ ಸ್ಥಿತಿ ಬೇರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದಕ್ಕೂ ಹಲವು ಪಟ್ಟು ನೀರನ್ನು ಹೀರಬಲ್ಲ ಬಿಸಿಲು. ಬಸಾಲ್ಟ್ ಶಿಲೆ ಕರಗಿ ಹುಟ್ಟಿದ ಎರೆಮಣ್ಣಿನಲ್ಲಿ ಲವಣಗಳು ತೊಳೆದುಹೋಗದೆ ನಿಲ್ಲುತ್ತವೆ. ಲೀಟರಿಗೆ ಒಂದು ಗ್ರಾಂ ದಾಟಿದ ಬೋರ್‌ವೆಲ್‌ಗಳು ಈ ಸೀಮೆಯಲ್ಲಿ ಸಾಮಾನ್ಯ. ಡೋಣಿ ನದಿಯ ನೀರು ಸವಳೆಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ನೀರಿನ ಗಡಸುತನವನ್ನು ಅಳೆಯಲು ಇಲ್ಲಿಯ ಹೆಣ್ಣುಮಕ್ಕಳಿಗೆ ಪ್ರಯೋಗಾಲಯ ಬೇಡ: ಬೇಳೆ ಬೇಯದಿದ್ದರೆ, ಸಾಬೂನು ನೊರೆಗಟ್ಟದಿದ್ದರೆ ಅದು ಗಡಸು ನೀರು.

ಇಲ್ಲಿಯೇ ಇನ್ನೊಂದು ಮಾತು ಹೇಳಬೇಕು. ನಾವು ಕುಳಿತಿರುವ ಈ ತೊರವಿ ಆದಿಲಶಾಹಿ ಕಾಲದ ನೀರಿನ ಮೂಲ. ಇಲ್ಲಿಯ ಸುರಂಗ ಬಾವಡಿಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ನಗರಕ್ಕೆ ಹೋಗುತ್ತಿತ್ತು. 1651ರಲ್ಲಿ ಮುಹಮ್ಮದ್ ಆದಿಲಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದಾಗ, ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ಅವು ಕೊಳವೆಯೊಳಗಿನ ಒತ್ತಡವನ್ನು ಇಳಿಸುತ್ತಿದ್ದವು. ನೀರಿನ ಹೂಳು ತಳಕ್ಕೆ ಕೂರಲೂ ಎಡೆಮಾಡಿಕೊಡುತ್ತಿದ್ದವು. ಅಂದರೆ ನೀರನ್ನು ಗೋಪುರಕ್ಕೆ ಹತ್ತಿಸಿ ಹದಗೊಳಿಸುವ ವಿದ್ಯೆ ವಿಜಯಪುರಕ್ಕೆ ಹೊಸದೇನೂ ಅಲ್ಲ. ಆದರೆ ಗಂಜ್ ತೆಗೆಯುತ್ತಿದ್ದುದು ನೀರಿನಲ್ಲಿ ತೇಲುವ ಕೊಳೆಯನ್ನು. ನೀರಿನಲ್ಲಿ ಕರಗಿದ ಸುಣ್ಣ, ಉಪ್ಪುಗಳನ್ನು ಎಷ್ಟು ಹೊತ್ತು ನಿಲ್ಲಿಸಿದರೂ ತಳಕ್ಕಿಳಿಸಲಾಗದು. ಬಾಯ್ಲರಿನ ತೊಂದರೆ ಹುಟ್ಟುವುದು ಈ ಕರಗಿದ ವಸ್ತುವಿನಿಂದ.

ಬಾಯ್ಲರ್ ಎಂದರೆ ಬಾಯಿ ಮುಚ್ಚಿದ ಹಂಡೆ. ಒಳಗೆ ನೀರು ಹಬೆಯಾಗಿ ಹೊರಡುತ್ತದೆ, ಸುಣ್ಣವೂ ಸಿಲಿಕವೂ ಕೊಳವೆಗೆ ಅಂಟುತ್ತವೆ. ಈ ಪೊರೆಯ ಮೂಲಕ ಶಾಖ ಹಾಯುವುದು ಉಕ್ಕಿನ ಮೂಲಕ ಹಾಯುವುದಕ್ಕಿಂತ ಹತ್ತಾರು ಪಟ್ಟು ನಿಧಾನ. ಆದ್ದರಿಂದ ಬೆಂಕಿ ಹೆಚ್ಚು ಬೇಕಾಗುತ್ತದೆ. ಶಾಖ ನೀರಿಗೆ ದಾಟಲಾರದೆ ಕೊಳವೆಯ ಲೋಹವೇ ಕಾದು ಮೆತ್ತಗಾಗುತ್ತದೆ, ಕೊನೆಗೆ ಸಿಡಿಯುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಲೋಹವನ್ನು ತೂತು ಮಾಡುವುದು ಇನ್ನೊಂದು ಕಾಟ. ಅದನ್ನು ಕಾಯಿಸಿ ಹೊರಗಟ್ಟುತ್ತಾರೆ, ಉಳಿದದ್ದಕ್ಕೆ ಸಲ್ಫೈಟಿನಂಥ ರಾಸಾಯನಿಕ ಹಾಕುತ್ತಾರೆ. ಕೃಷ್ಣಾ ತೀರದ ಸಕ್ಕರೆ ಕಾರ್ಖಾನೆಗಳಿಗೆ ಇಲ್ಲೊಂದು ಅನುಕೂಲವಿದೆ. ಕಬ್ಬಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುವುದರಿಂದ, ರಸವನ್ನು ಕುದಿಸುವಾಗ ಬಂದ ಆವಿಯನ್ನು ತಣಿಸಿದರೆ ಸುಣ್ಣವಿಲ್ಲದ ನೀರು ಸಿಗುತ್ತದೆ. ಅದನ್ನೇ ಬಾಯ್ಲರಿಗೆ ತಿರುಗಿ ಕೊಡಬಹುದು. ಉಳಿದ ಕಾರ್ಖಾನೆಗಳಿಗೆ ಈ ಭಾಗ್ಯವಿಲ್ಲ.

ಅವು ಮಾಡುವುದೇನು? ಸಣ್ಣ ಬಾಯ್ಲರಿನವರು ರೆಸಿನ್ ತುಂಬಿದ ಸಾಫ್ಟ್ನರ್ ಇಡುತ್ತಾರೆ. ರೆಸಿನ್ ಎಂದರೆ ಸಾಬಕ್ಕಿಯಂಥ ಸಣ್ಣ ಸಣ್ಣ ಗುಂಡುಗಳು. ಅವು ನೀರಿನಿಂದ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಗುಂಡುಗಳು ತುಂಬಿದ ಮೇಲೆ ಉಪ್ಪುನೀರಿನಿಂದ ತೊಳೆದು ಮತ್ತೆ ಸಜ್ಜುಗೊಳಿಸಬೇಕು. ಒಂದು ಕಿಲೋ ಸುಣ್ಣವನ್ನು ತೆಗೆಯಲು ರಸಾಯನಶಾಸ್ತ್ರದ ಲೆಕ್ಕದಲ್ಲಿ ಸುಮಾರು 1.2 ಕಿಲೋ ಅಡುಗೆ ಉಪ್ಪು ಸಾಕು. ವಾಸ್ತವದಲ್ಲಿ ಅದರ ಎರಡು ಪಟ್ಟು ಖರ್ಚಾಗುವುದುಂಟು. ಅಷ್ಟೂ ಉಪ್ಪು, ಜೊತೆಗೆ ತೆಗೆದ ಸುಣ್ಣ, ತೊಳೆದ ನೀರಿನಲ್ಲಿ ಹೊರಗೆ ಬರುತ್ತವೆ. ದೊಡ್ಡ ಸ್ಥಾವರಗಳಲ್ಲಿ ಇಷ್ಟು ಸಾಲದು. ಕೂಡಗಿಯಂಥ ಸೂಪರ್‌ಕ್ರಿಟಿಕಲ್ ಘಟಕದಲ್ಲಿ 221 ಬಾರ್‌ಗೂ ಮೇಲಿನ ಒತ್ತಡದಲ್ಲಿ ನೀರು ಹಬೆಯಾಗುವುದರಿಂದ, ಲವಣವನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಅಲ್ಲಿ ಆರ್.ಓ. ಪೊರೆ ಬರುತ್ತದೆ, ಆಮ್ಲ ಮತ್ತು ಕಾಸ್ಟಿಕ್ ಸೋಡಾದಿಂದ ತೊಳೆಯುವ ರೆಸಿನ್ನುಗಳು ಬರುತ್ತವೆ. ಬಾಯ್ಲರಿಗೆ ಹೋಗುವ ನೀರು ಶುದ್ಧವಾದಷ್ಟೂ ಹಿಂದೆ ಉಳಿಯುವ ನೀರು ಕಹಿಯಾಗುತ್ತದೆ.

ಕೃಷಿ ವಿಜ್ಞಾನಿಯಾಗಿ ನಾನು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ‘ಮೆದು ನೀರು’ ಎಂಬ ಹೆಸರು ಕೇಳಲು ಹಿತವಾಗಿದೆ. ಸಾಬೂನಿಗೆ ಅದು ಹಿತ, ಬಾಯ್ಲರಿಗೂ ಹಿತ, ಎರೆಮಣ್ಣಿಗೆ ಮಾತ್ರ ಶತ್ರು. ಎರೆಮಣ್ಣಿನ ಜೇಡಿಕಣಗಳನ್ನು ಗುಂಪಾಗಿ ಹಿಡಿದಿಡುವುದು ಕ್ಯಾಲ್ಸಿಯಂ. ಆ ಜಾಗಕ್ಕೆ ಸೋಡಿಯಂ ಬಂದು ಕೂತರೆ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮಳೆ ಬಂದರೆ ಕೆಸರು, ಬಿಸಿಲು ಬಿದ್ದರೆ ಹೆಂಚು. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಗಡಸು ನೀರಿನಿಂದ ಪೈಪು ಕಟ್ಟಿದರೆ ರೈತ ಆ್ಯಸಿಡ್ ಬಿಟ್ಟು ತೆರೆಯಬಲ್ಲ. ಸೋಡಿಯಂನಿಂದ ಮಣ್ಣು ಕಟ್ಟಿದರೆ ಜಿಪ್ಸಮ್ ಹಾಕಿ, ಸಿಹಿನೀರು ಹಾಯಿಸಿ, ಬಸಿಗಾಲುವೆ ತೋಡಿ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಯಾವುದೇ ಕಾರ್ಖಾನೆಯವರು “ನಮ್ಮದು ಸಂಸ್ಕರಿಸಿದ ನೀರು, ಹೊಲಕ್ಕೆ ಬಿಟ್ಟುಕೊಳ್ಳಿ” ಎಂದು ಉದಾರವಾಗಿ ಹೇಳಿದಾಗ, ಯಾವುದಕ್ಕಾಗಿ ಸಂಸ್ಕರಿಸಿದ್ದು ಎಂದು ಕೇಳುವ ಹಕ್ಕು ನಮಗಿದೆ.

ಈಗ ತಂಪುಗೋಪುರ. ಹಬೆ ತನ್ನ ಕೆಲಸ ಮುಗಿಸಿದ ಮೇಲೆ ಅದನ್ನು ಮತ್ತೆ ನೀರು ಮಾಡಲು ತಣ್ಣೀರು ಬೇಕು. ಆ ತಣ್ಣೀರು ಬಿಸಿಯಾಗುತ್ತದೆ. ಅದನ್ನು ಗೋಪುರದ ಒಳಗೆ ಮಳೆಯಂತೆ ಸುರಿಸಿ ಗಾಳಿಗೆ ಒಡ್ಡುತ್ತಾರೆ. ಮಣ್ಣಿನ ಮಡಕೆ ಬೆವರಿ ತಂಪಾಗುವ ರೀತಿಯೇ ಇದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಹೀಗಾಗಿ ನೂರು ಲೀಟರನ್ನು 10 ಡಿಗ್ರಿ ತಣಿಸಲು ಒಂದೂ ಮುಕ್ಕಾಲು ಲೀಟರಿನಷ್ಟು ನೀರು ಹಾರಿಹೋಗಬೇಕು. ಅಲ್ಪವೆನಿಸುತ್ತದೆ. ಆದರೆ ಆ ನೂರು ಲೀಟರ್ ಹಗಲೂ ರಾತ್ರಿ ಸುತ್ತುತ್ತಲೇ ಇರುತ್ತದೆ.

ಹಾರುವುದು ಬರಿಯ ನೀರು. ಉಪ್ಪು ತೊಟ್ಟಿಯಲ್ಲೇ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತದೆ. ಮಿತಿ ಮೀರುವ ಮೊದಲು ಸ್ವಲ್ಪ ನೀರನ್ನು ಹೊರಬಿಟ್ಟು ಹೊಸ ನೀರು ತುಂಬಿಸುತ್ತಾರೆ. ಈ ಹೊರಬಿಡುವುದಕ್ಕೆ ಬ್ಲೋಡೌನ್ ಎನ್ನುತ್ತಾರೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಬರೆದುಕೊಳ್ಳಿ. ಲೀಟರಿಗೆ ಒಂದು ಗ್ರಾಂ ಲವಣವಿರುವ ನೀರು, ಗೋಪುರದಿಂದ ನೂರು ಲೀಟರ್ ಹಾರಿದೆ ಎಂದಿಟ್ಟುಕೊಳ್ಳಿ. ಉಪ್ಪನ್ನು ಎರಡು ಪಟ್ಟಿಗೆ ಮಾತ್ರ ಏರಲು ಬಿಟ್ಟರೆ ಹೊರಬಿಡಬೇಕಾದದ್ದು ಇನ್ನೂ ನೂರು ಲೀಟರ್. ಒಟ್ಟು ಬೇಡಿಕೆ 200 ಲೀಟರ್. ಐದು ಪಟ್ಟಿಗೆ ಬಿಟ್ಟರೆ ಹೊರಬಿಡುವುದು 25, ಬೇಡಿಕೆ 125. ಹತ್ತು ಪಟ್ಟಿಗೆ ಬಿಟ್ಟರೆ ಹೊರಬಿಡುವುದು 11, ಬೇಡಿಕೆ 111. ನೀರು ಉಳಿಯಿತೆಂದು ಕಾರ್ಖಾನೆಯವರು ಹೆಮ್ಮೆಪಡುವುದು ಈ ಅಂಕಿಗಳಿಂದ, ಮತ್ತು ಆ ಹೆಮ್ಮೆಯಲ್ಲಿ ಸುಳ್ಳಿಲ್ಲ. ಆದರೆ ಹೊರಬಿದ್ದ ಆ 11 ಲೀಟರಿನಲ್ಲಿ ಈಗ ಲೀಟರಿಗೆ ಹತ್ತು ಗ್ರಾಂ ಲವಣವಿದೆ. ಲೀಟರಿಗೆ ಎರಡು ಗ್ರಾಂ ದಾಟಿದ ನೀರನ್ನೇ ನಾವು ನೀರಾವರಿಗೆ ಅಪಾಯಕರವೆನ್ನುತ್ತೇವೆ. ಜೋಳವೋ ಹತ್ತಿಯೋ ಸ್ವಲ್ಪ ತಾಳಿಕೊಂಡೀತು, ದ್ರಾಕ್ಷಿ ಬೇಗ ಸೋಲುತ್ತದೆ.

ಇಷ್ಟು ಗಟ್ಟಿಯಾದ ನೀರಿನಲ್ಲಿ ಸುಣ್ಣ ಅಂಟದಂತೆ, ಲೋಹ ತುಕ್ಕು ಹಿಡಿಯದಂತೆ, ಪಾಚಿ ಬೆಳೆಯದಂತೆ ಮದ್ದು ಹಾಕಬೇಕು. ಹಿಂದೆ ಕ್ರೋಮೇಟ್ ಹಾಕುತ್ತಿದ್ದರು. ಅದು ತುಕ್ಕಿಗೆ ರಾಮಬಾಣ, ಮನುಷ್ಯರಿಗೆ ವಿಷ. ಆದ್ದರಿಂದ ಹಿಂದೆ ಸರಿಯಿತು. ಅಮೆರಿಕದಲ್ಲಿ 1990ರ ದಶಕದ ಮೊದಲರ್ಧದಲ್ಲಿ ಅದನ್ನು ತಂಪುಗೋಪುರಗಳಿಂದ ನಿಷೇಧಿಸಿದರು. ಇಂದು ಫಾಸ್ಫೊನೇಟ್, ಪಾಲಿಮರ್, ಸತು, ಕ್ಲೋರಿನ್, ಬ್ರೋಮಿನ್‌ಗಳ ಕಾಲ. ನಗರಗಳಲ್ಲಿ ದೊಡ್ಡ ಕಾರ್ಖಾನೆಗಳಷ್ಟೇ ಅಲ್ಲ, ಆಸ್ಪತ್ರೆ, ಹೋಟೆಲು, ಶೀತಲಗೃಹಗಳ ಮಾಳಿಗೆಯ ಮೇಲೂ ಸಣ್ಣ ತಂಪುಗೋಪುರಗಳಿರುತ್ತವೆ. ಅವುಗಳ ಬ್ಲೋಡೌನ್ ಎಲ್ಲಿಗೆ ಹೋಗುತ್ತದೆಂದು ಕೇಳುವವರು ಕಡಿಮೆ. ಮದ್ದು ಹಾಕದೆ ಬಿಟ್ಟರೂ ಅಪಾಯವೇ: 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ರೋಗ ಹರಡಿದ ಲೀಜನೆಲ್ಲಾ ಎಂಬ ನ್ಯುಮೋನಿಯಾದ ಬ್ಯಾಕ್ಟೀರಿಯಾ ಇಂಥ ಗೋಪುರಗಳ ತುಂತುರಿನಲ್ಲಿ ಹರಡುತ್ತದೆ. ಹಾಗಾಗಿ ಮದ್ದೇ ಬೇಡವೆಂದು ನಾನು ಹೇಳಲಾರೆ.

ಕೂಡಗಿಗೆ ಮರಳೋಣ. ತಲಾ 800 ಮೆಗಾವ್ಯಾಟ್‌ನ ಮೂರು ಘಟಕಗಳು, ಒಟ್ಟು 2400 ಮೆಗಾವ್ಯಾಟ್. ಈ ಸ್ಥಾವರದ ವಿರುದ್ಧ ಸುತ್ತಲಿನ ಹಳ್ಳಿಗಳ ರೈತರು ನಡೆಸಿದ ಹೋರಾಟದಲ್ಲಿ 2014ರ ಜುಲೈ 5ರಂದು ಪೊಲೀಸರು ಗುಂಡು ಹಾರಿಸಿದ್ದನ್ನು ಹಿರಿಯರು ಮರೆತಿಲ್ಲ. ಹಾರುಬೂದಿ, ಬೆಳೆ, ನೀರು ಇವು ಮೂರೂ ಅಂದಿನ ಆತಂಕಗಳಾಗಿದ್ದವು. ಬೂದಿ ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಅದರ ಮಾತು ಹೆಚ್ಚು ನಡೆಯಿತು. ನೀರಿನ ಲೆಕ್ಕವನ್ನು ನಾವೇ ಮಾಡೋಣ. ಕೇಂದ್ರ ಪರಿಸರ ಸಚಿವಾಲಯದ 2015ರ ಡಿಸೆಂಬರಿನ ಅಧಿಸೂಚನೆ ಹಳೆಯ ಉಷ್ಣಸ್ಥಾವರಗಳಿಗೆ ಒಂದು ಯುನಿಟ್ ವಿದ್ಯುತ್ತಿಗೆ ಮೂರೂವರೆ ಲೀಟರ್ ನೀರಿನ ಮಿತಿ ಹಾಕಿತು. 2017ರ ಜನವರಿಯ ನಂತರದವುಗಳಿಗೆ ಮೊದಲು ಎರಡೂವರೆ ಲೀಟರ್ ಎಂದಿತ್ತು; 2018ರಲ್ಲಿ ಅದನ್ನು ಮೂರಕ್ಕೆ ಸಡಿಲಿಸಿದರು. ಮೂರೂವರೆಯ ಲೆಕ್ಕ ಹಿಡಿದರೆ, 2400 ಮೆಗಾವ್ಯಾಟ್ ಪೂರ್ಣ ಸಾಮರ್ಥ್ಯದಲ್ಲಿ ಓಡಿದ ಒಂದು ದಿನಕ್ಕೆ ಸುಮಾರು 20 ಕೋಟಿ ಲೀಟರ್. ತಲೆಗೆ 135 ಲೀಟರಿನಂತೆ 15 ಲಕ್ಷ ನಗರವಾಸಿಗಳ ಒಂದು ದಿನದ ನೀರು ಅದು. 2011ರ ಜನಗಣತಿಯಲ್ಲಿ ವಿಜಯಪುರ ನಗರದ ಜನಸಂಖ್ಯೆ ಸುಮಾರು 3.3 ಲಕ್ಷ. ಸ್ಥಾವರಗಳು ಎಲ್ಲ ದಿನವೂ ಪೂರ್ಣವಾಗಿ ಓಡುವುದಿಲ್ಲ ಎಂಬುದನ್ನೂ ಹೇಳಬೇಕು. ತಿಂಗಳಿಗೆ ನೂರು ಯುನಿಟ್ ಉರಿಸುವ ನಮ್ಮ ಮನೆಯ ಪಾಲು 350 ಲೀಟರ್ ಎಂಬುದನ್ನೂ ಮುಚ್ಚಿಡಬಾರದು.

ಪ್ರಮಾಣಕ್ಕೆ ಮಿತಿ ಇದೆ. ಉಪ್ಪಿಗೆ? ಉಷ್ಣಸ್ಥಾವರದ ತಂಪುಗೋಪುರದ ಬ್ಲೋಡೌನಿಗೆ ನಮ್ಮ ದೇಶದ ಮಾನದಂಡಪಟ್ಟಿಯಲ್ಲಿ ಲೀಟರಿಗೆ ಕ್ಲೋರಿನ್ 0.5 ಮಿಲಿಗ್ರಾಂ, ಸತು 1, ಕ್ರೋಮಿಯಂ 0.2, ಫಾಸ್ಫೇಟ್ 5 ಎಂದು ಬರೆದಿದೆ. ಕರಗಿದ ಲವಣಗಳ ಒಟ್ಟು ಮೊತ್ತ ಆ ಸಾಲಿನಲ್ಲಿ ಇಲ್ಲ. ಮದ್ದಿಗೆ ಮಿತಿ ಹಾಕಿದವರು, ಮದ್ದನ್ನು ಯಾವುದಕ್ಕಾಗಿ ಹಾಕಿದರೋ ಆ ರೋಗವನ್ನೇ ಬಿಟ್ಟಿದ್ದಾರೆ. ಮಾಲಿನ್ಯ ನಿಯಂತ್ರಣ ಮಂಡಳಿ ಒಂದೊಂದು ಕಾರ್ಖಾನೆಗೆ ಕೊಡುವ ಅನುಮತಿಪತ್ರದಲ್ಲಿ ಬೇರೆ ಷರತ್ತು ಹಾಕಬಹುದು. ಆದ್ದರಿಂದ ಹಳ್ಳಿಯವರು ಮೊದಲು ಕೇಳಿ ಪಡೆಯಬೇಕಾದದ್ದು ಆ ಪತ್ರವನ್ನು. ಕಲ್ಲಿದ್ದಲು ಸ್ಥಾವರಗಳಲ್ಲಿ ಬ್ಲೋಡೌನನ್ನು ಬೂದಿ ಕಲಸಲು ಬಳಸುವುದು ರೂಢಿ. ಅದು ಮರುಬಳಕೆ ನಿಜ. ಉಪ್ಪು ಬೂದಿಹೊಂಡಕ್ಕೆ ಹೋಯಿತೆಂಬುದೂ ನಿಜ.

‘ಶೂನ್ಯ ವಿಸರ್ಜನೆ’ ಎಂಬ ಪದವನ್ನು ನೀವು ಇನ್ನು ಮುಂದೆ ಬಹಳ ಕೇಳುವಿರಿ. ಹೊರಬಂದ ಉಪ್ಪುನೀರನ್ನು ಕುದಿಸಿ ಅಥವಾ ಬಿಸಿಲಿಗೊಡ್ಡಿ ಒಣ ಉಪ್ಪು ಮಾಡಿ ಇಡುವ ಕ್ರಮ ಅದು. ಈ ನಾಡಿನ ಬಿಸಿಲಿನಲ್ಲಿ ಹೊಂಡ ತೋಡಿ ಒಣಗಿಸುವುದು ಸಾಧ್ಯ. ತಳಕ್ಕೆ ಹಾಸಿದ ಹಾಳೆ ಹರಿಯದಿದ್ದರೆ ಆಯಿತು. ಆದರೆ ಇದೇ ನಕ್ಷೆಯನ್ನು ಘಟ್ಟಕ್ಕೆ ತಂದರೆ ಏನಾದೀತು? ಜೂನ್ ತಿಂಗಳ ಮೂರನೆಯ ವಾರಕ್ಕೆ ಹೊಂಡ ತುಂಬಿ ಹಳ್ಳಕ್ಕೆ ಇಳಿದೀತು. ಮೂರು ಮೀಟರ್ ಮಳೆ ಬೀಳುವಲ್ಲಿ ಆವಿಹೊಂಡ ಕಟ್ಟುತ್ತೇವೆಂದು ಬರೆದ ವರದಿ ನಿಮ್ಮೆದುರು ಬಂದರೆ, ಅದನ್ನು ಬರೆದವರು ನಮ್ಮ ಮಳೆಗಾಲವನ್ನು ನೋಡಿಲ್ಲವೆಂದು ತಿಳಿಯಿರಿ.

ಕರಾವಳಿಯ ಅನುಭವವೂ ಕೇಳಬೇಕಾದದ್ದು. ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣಸ್ಥಾವರದಲ್ಲಿ ತಂಪು ಮಾಡಲು ಸಮುದ್ರದ ನೀರನ್ನೇ ಬಳಸುತ್ತಾರೆ. ಗೋಪುರದಿಂದ ಹೊರಬೀಳುವುದು ಆವಿಯೊಂದೇ ಅಲ್ಲ, ಆವಿಯಾಗದ ಸಣ್ಣ ಹನಿಗಳೂ ಗಾಳಿಗೆ ಸಿಕ್ಕಿ ಹೋಗುತ್ತವೆ. ಅವುಗಳೊಳಗೆ ಉಪ್ಪೂ ಇರುತ್ತದೆ. ಉಪ್ಪಿನ ಹನಿ ಬಿದ್ದು ಮಲ್ಲಿಗೆ, ತೋಟಗಳು ಕೆಡುತ್ತಿವೆಯೆಂದು ಅಲ್ಲಿಯ ರೈತರು ದೂರಿದರು.

ಇನ್ನು ಕೈಗಾ. ಈಗಿರುವ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಕದ್ರಾ ಜಲಾಶಯದ ನೀರನ್ನು ಎಳೆದು, ಬಿಸಿ ಮಾಡಿ, ಮತ್ತೆ ಜಲಾಶಯಕ್ಕೆ ಬಿಡುತ್ತವೆ. ತಲಾ 700 ಮೆಗಾವ್ಯಾಟ್‌ನ 5 ಮತ್ತು 6ನೆಯ ಘಟಕಗಳಿಗೆ ಎತ್ತರದ ತಂಪುಗೋಪುರಗಳನ್ನು ಯೋಜಿಸಿದ್ದಾರೆ. ಜಲಾಶಯಕ್ಕೆ ಬಿಸಿನೀರು ಬೀಳುವುದು ಇದರಿಂದ ತಪ್ಪುತ್ತದೆ. ಮೀನಿಗೆ ಅದು ಒಳ್ಳೆಯದೇ. ಕಾಳಿಯ ನೀರು ಮೆದುವಾದ್ದರಿಂದ ಇಲ್ಲಿಯಷ್ಟು ಸುಣ್ಣದ ಕಾಟವೂ ಇಲ್ಲ, ಉಪ್ಪಿನ ಭಾರವೂ ಕಡಿಮೆ. ಈ ಮಾತನ್ನು ನಾನು ಪ್ರಾಮಾಣಿಕವಾಗಿ ಒಪ್ಪುತ್ತೇನೆ, ಏಕೆಂದರೆ ತಪ್ಪು ಭಯವನ್ನು ಹಿಡಿದು ಹೋದರೆ ಸಾರ್ವಜನಿಕ ಅಹವಾಲು ಸಭೆಯಲ್ಲಿ ಒಂದೇ ಉತ್ತರಕ್ಕೆ ನಮ್ಮ ಬಾಯಿ ಕಟ್ಟುತ್ತಾರೆ. ನಮ್ಮ ಪ್ರಶ್ನೆಗಳು ಬೇರೆ. ಅಣುಸ್ಥಾವರದಲ್ಲಿ ಹಬೆಯ ಉಷ್ಣತೆ ಕಡಿಮೆ, ಚಿಮಣಿಯಿಂದ ಹೋಗುವ ಶಾಖವೂ ಇಲ್ಲ. ಆದ್ದರಿಂದ ಒಂದು ಯುನಿಟ್ಟಿಗೆ ನೀರಿನ ಮೂಲಕ ಕಳೆಯಬೇಕಾದ ಶಾಖ ಕಲ್ಲಿದ್ದಲು ಸ್ಥಾವರಕ್ಕಿಂತ ಹೆಚ್ಚು. ಜಲಾಶಯಕ್ಕೆ ತಿರುಗಿ ಬರುತ್ತಿದ್ದ ನೀರು ಇನ್ನು ಗೋಪುರದಲ್ಲಿ ಹಾರಿಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕದ್ರಾದ ಕೆಳಗೆ ಕಾಳಿಯಲ್ಲಿ ಎಷ್ಟು ನೀರು ಉಳಿಯುತ್ತದೆ? ಅದು ಕಡಿಮೆಯಾದರೆ ಸಮುದ್ರದ ಉಪ್ಪುನೀರು ನದಿಯೊಳಗೆ ಎಲ್ಲಿಯವರೆಗೆ ಏರುತ್ತದೆ? ಪಾಚಿಗೆ ಹಾಕುವ ಕ್ಲೋರಿನ್ ಯಾವ ಹೊತ್ತಿಗೆ, ಎಷ್ಟು, ಎಲ್ಲಿಗೆ ಬಿಡುತ್ತಾರೆ? ಇಲ್ಲಿಯ ಉಪ್ಪು ಬೋರ್‌ವೆಲ್ಲಿನಿಂದ ಬರುತ್ತದೆ. ನಮ್ಮಲ್ಲಿ ಅದು ಕಡಲಿನಿಂದ ಏರಿ ಬರಬಹುದು.

ಪರ್ಯಾಯವಿಲ್ಲವೆಂದಲ್ಲ. 2016ರ ವಿದ್ಯುತ್ ದರ ನೀತಿಯ ಪ್ರಕಾರ, ನಗರದ ಕೊಳಚೆ ಶುದ್ಧೀಕರಣ ಘಟಕದಿಂದ 50 ಕಿಲೋಮೀಟರ್ ಒಳಗಿನ ಉಷ್ಣಸ್ಥಾವರಗಳು ಆ ಸಂಸ್ಕರಿತ ನೀರನ್ನೇ ಬಳಸಬೇಕು. ಕೂಡಗಿ ಆ ವರ್ತುಲದ ಒಳಗೋ ಹೊರಗೋ, ನಕ್ಷೆಯಲ್ಲಿ ಅಳೆದು ನೋಡಿ. ಮಂಗಳೂರಿನ ತೈಲ ಸಂಸ್ಕರಣಾಗಾರ ನಗರದ ಸಂಸ್ಕರಿತ ಕೊಳಚೆ ನೀರನ್ನು ಬಳಸುತ್ತಿದೆ. ಅಷ್ಟರ ಮಟ್ಟಿಗೆ ನೇತ್ರಾವತಿಗೆ ಉಸಿರು. ಆ ನೀರಿನಲ್ಲಿ ಫಾಸ್ಫೇಟ್, ಅಮೋನಿಯಾ ಇರುವುದರಿಂದ ಹದಗೊಳಿಸುವ ಖರ್ಚು ಹೆಚ್ಚು. ಆ ಖರ್ಚನ್ನು ಕಾರ್ಖಾನೆಯೇ ಹೊರಲಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಲಸ. ನೀವು ಹೊರಟಾಗ ನಮ್ಮ ಹಳ್ಳದ ನೀರು ತುಂಬಿಸಿದ ಬಾಟಲಿ, ಕೊಲ್ಹಾರದ ಬಳಿ ತುಂಬಿಸಿದ ಕೃಷ್ಣೆಯ ಬಾಟಲಿ, ಇಂದು ತಿಕೋಟಾದ ಬೋರ್‌ವೆಲ್ಲಿನಿಂದ ತಂದದ್ದು, ಈ ಮೂರೂ ನಮ್ಮ ಬಳಿ ಇವೆ. ಒಂದೊಂದು ಲೀಟರನ್ನು ಅಳೆದು ಮೂರು ಸ್ಟೀಲ್ ಪಾತ್ರೆಗಳಲ್ಲಿ ಇಂದು ರಾತ್ರಿ ಸಣ್ಣ ಉರಿಯಲ್ಲಿ ಪೂರ್ತಿ ಬತ್ತಿಸಿರಿ. ಖಾಲಿ ಪಾತ್ರೆಗಳ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ತೂಗಲು ಬಂಗಾರದ ಅಂಗಡಿಯ ಸ್ನೇಹಿತರೊಬ್ಬರು ತಮ್ಮ ಸಣ್ಣ ತಕ್ಕಡಿಯನ್ನು ಒಂದು ಗಂಟೆಯ ಮಟ್ಟಿಗೆ ಕೊಡಲು ಒಪ್ಪಿದ್ದಾರೆ. ಮೂರನೆಯ ಪಾತ್ರೆಯನ್ನು ಉಜ್ಜುವ ಕೆಲಸ ನನ್ನದೇ ಇರಲಿ. ಅದು ಸುಲಭಕ್ಕೆ ಬಿಡುವುದಿಲ್ಲ.